ಷಡ್ಡಕನ ದುರ್ಬೀನಿಗೆ ನನ್ನ ಕ್ಯಾಮೆರಾ

ನ್ಯಾಮತಿ

ಮಂಗೋಲಿಯಾಕ್ಕೆ ಹೋಗಿ ಬಂದು ತಿಂಗಳ ಮೇಲಾಯಿತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ನನ್ನನ್ನು ಕಂಡವರೆಲ್ಲ ಇವತ್ತಿಗೂ ಕೇಳುವುದು ಒಂದೇ ಪ್ರಶ್ನೆ: ಫೋಟೊ ಎಲ್ಲಿ ಮೇಷ್ಟ್ರೆ? ಆ ದೇಶ ಯಾವ ದಿಕ್ಕಿಗಿದೆ, ಅಲ್ಲಿಯ ಜನ ಏನು ತಿನ್ನುತ್ತಾರೆ, ನಾವು ಏನು ತಿಂದು ಬದುಕಿ ಬಂದೆವು, ಇದ್ಯಾವುದೂ ಅವರಿಗೆ ಬೇಕಿಲ್ಲ. ತಪ್ಪು ಅವರದಲ್ಲ ಬಿಡಿ. ಹೊರಡುವ ಮುಂಚೆ ಊರಿಗೆಲ್ಲ ಡಂಗುರ ಹೊಡೆದವನು ನಾನೇ. ಹೆಬ್ಬಾತಿನ ಕೊರಳಪಟ್ಟಿಯ ಮೇಲಿನ ಅಕ್ಷರ ಓದಿಸುವಂಥ ಫೋಟೊ ತರುತ್ತೇನೆ, ದೊಡ್ಡದು ಮಾಡಿಸಿ ಶಾಲೆಯ ಗೋಡೆಗೆ ಹಾಕುತ್ತೇನೆ ಅಂದಿದ್ದೆ. ಮೊಳೆಯನ್ನೂ ಹೊಡೆಸಿಟ್ಟಿದ್ದೆ. ಈಗ ಮಕ್ಕಳು ಆ ಮೊಳೆಗೆ ಬೋರ್ಡು ಒರೆಸುವ ಬಟ್ಟೆ ನೇತು ಹಾಕುತ್ತಾರೆ.

ನಾನು ಇಲ್ಲಿನ ಪ್ರೌಢಶಾಲೆಯ ವಿಜ್ಞಾನದ ಮೇಷ್ಟ್ರು. ನ್ಯಾಮತಿ ತಾಲ್ಲೂಕು ಕೇಂದ್ರವಾದ ಮೇಲೆ ಊರಿನ ಪ್ರತಿಯೊಬ್ಬರಿಗೂ ಹೆಸರಿನ ಕೆಳಗೆ ಬರೆಸಿಕೊಳ್ಳಲು ಒಂದು ಪದವಿ ಬೇಕಾಗಿದೆ. ಯಾರೋ ಅಧ್ಯಕ್ಷರಾದರು, ಯಾರೋ ಸಂಚಾಲಕರಾದರು. ನಾನು ಅಂಗೈಯಗಲದ ಒಂದು ಡಿಜಿಟಲ್ ಕ್ಯಾಮೆರಾ ಕೊಂಡು ಪಕ್ಷಿ ಛಾಯಾಗ್ರಾಹಕನಾದೆ. ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಗ್ಗೆ ಒಂದು ಹಕ್ಕಿ ಹಾಕುತ್ತಿದ್ದೆ. ಹಕ್ಕಿ ಸಾಸಿವೆಯಷ್ಟು ಇರುತ್ತಿತ್ತು, ಕೆಳಗೆ ನನ್ನ ಹೆಸರು ಅದರ ಹತ್ತು ಪಟ್ಟು. ಆ ಪುಟ್ಟ ಕ್ಯಾಮೆರಾದಲ್ಲಿ ಕೆರೆಯ ನಡುವಿನ ಹಕ್ಕಿ ಹಿಡಿಯುವುದು ಆಗದ ಕೆಲಸ. ಆದರೆ ದೊಡ್ಡ ದುರ್ಬೀನಿನ ಹಿಂದೆ ಅದನ್ನು ಸರಿಯಾಗಿ ಜೋಡಿಸಿದರೆ ದೂರದ್ದೆಲ್ಲ ಮೂಗಿನ ಮುಂದೆ ಬರುತ್ತದೆಂದು ಎಲ್ಲೋ ಓದಿದೆ. ಅಂಥ ದುರ್ಬೀನು ನನ್ನ ಷಡ್ಡಕನ ಬಳಿ ಇತ್ತು.

ಚನ್ನಗಿರಿ

ಷಡ್ಡಕ ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಮಹೇಶ್ವರಪ್ಪ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ. ಮಾವನ ಮನೆಯಲ್ಲಿ ಅವರಿಗೆ ಹೋಳಿಗೆಯ ಮೇಲೆ ತುಪ್ಪ ಬಿದ್ದ ಮೇಲೆ ನನಗೆ ಬೀಳುವುದು. ಇಪ್ಪತ್ತು ವರ್ಷದಿಂದ ನಾನು ಇದನ್ನು ಗಮನಿಸಿಲ್ಲ ಎಂಬಂತೆ ನಡೆದುಕೊಂಡು ಬಂದಿದ್ದೇನೆ.

ಮೂರು ವರ್ಷದ ಹಿಂದೆ ಅವರ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಗೊತ್ತಾಗುವಷ್ಟರಲ್ಲಿ ಎರಡೂ ಕಣ್ಣಿನ ಅಂಚು ಹೋಗಿತ್ತು. ನೇರ ಮುಂದಿನದು ಕಾಣುತ್ತದೆ, ಅಕ್ಕಪಕ್ಕದ್ದು ಇಲ್ಲ. ಹೋದದ್ದು ಬರುವುದಿಲ್ಲ, ನಡುವೆ ಉಳಿದದ್ದು ಎಷ್ಟು ದಿನವೋ ಹೇಳಲಾಗದು, ಹನಿ ತಪ್ಪದೆ ಹಾಕಿಕೊಳ್ಳಿ ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಮಹೇಶ್ವರಪ್ಪ ಬೈಕಿನ ಕೀಲಿಯನ್ನು ಮಗಳ ಕೈಗೆ ಕೊಟ್ಟರು. ಆಮೇಲೆ ಯಾರಿಗೂ ಹೇಳದೆ ಒಂದು ಸ್ಪಾಟಿಂಗ್ ಸ್ಕೋಪ್ ತರಿಸಿದರು. ಮೊಣಕಾಲುದ್ದದ, ಮುಕ್ಕಾಲಿಯ ಮೇಲೆ ನಿಲ್ಲಿಸುವ ಒಂಟಿಕಣ್ಣಿನ ದುರ್ಬೀನು. ಭಾನುವಾರ ಸೂಳೆಕೆರೆಯ ಏರಿಯ ಮೇಲೆ ಅದನ್ನಿಟ್ಟುಕೊಂಡು ಕೂರುತ್ತಿದ್ದರು. ಕಣ್ಣು ಹೋಗುವ ಮನುಷ್ಯನಿಗೆ ಇದೇನು ಹುಚ್ಚು ಎಂದು ಮನೆಯವರೆಲ್ಲ ಒಳಗೊಳಗೇ ಮಾತಾಡಿಕೊಂಡೆವು. ಕಾರಣವನ್ನು ಅವರು ಒಂದೇ ಸಲ, ನನ್ನೊಬ್ಬನಿಗೆ ಹೇಳಿದರು.

‘ಇದರಾಗೆ ಎಲ್ಲಾರಿಗೂ ದುಂಡಗೇ ಕಾಣೋದು ಮೇಷ್ಟ್ರೆ. ಇದರಾಗೆ ನಾನೂ ನಿಮ್ಮಷ್ಟೇ.’

ಜಗಳೂರು

ಕಳೆದ ಚಳಿಗಾಲ ಜಗಳೂರು ಕೆರೆಗೆ ಹೆಬ್ಬಾತು ಬಂದಿವೆ ಎಂದು ಸುದ್ದಿ ಬಂತು. ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವ ದೊಡ್ಡ ಬಾತು. ರಾತ್ರಿ ಹೊಲದಲ್ಲಿ ಮೇಯುತ್ತವೆ, ಹಗಲು ನೀರಿನ ನಡುವೆ ನಿದ್ದೆ ಮಾಡುತ್ತವೆ. ನಾವಿಬ್ಬರೂ ಬಸ್ಸು ಹತ್ತಿ ಹೋದೆವು. ಮಹೇಶ್ವರಪ್ಪ ದುರ್ಬೀನಿಗೆ ಕಣ್ಣಿಟ್ಟು ಅರ್ಧ ಗಂಟೆ ಅಲ್ಲಾಡಲಿಲ್ಲ. ಆಮೇಲೆ ಒಂದು ಬಾತಿನ ಕೊರಳಿಗೆ ಹಸಿರು ಪಟ್ಟಿ ಇದೆಯೆಂದು ಹೇಳಿದರು. ನನಗೆ ನಗು ಬಂತು, ಯಾರ ಮನೆಯ ನಾಯಿ ಅದು ಎಂದು ಕೇಳಿದೆ. ನೋಡಿದರೆ ನಿಜವಾಗಿಯೂ ಪಟ್ಟಿ ಇತ್ತು. ಮಂಗೋಲಿಯಾದಲ್ಲಿ ಇಂಥ ಬಾತುಗಳಿಗೆ ಗುರುತಿನ ಪಟ್ಟಿ ತೊಡಿಸುತ್ತಾರೆ, ಅವು ಮರಿ ಮಾಡುವುದು ಅಲ್ಲಿ, ಹಿಮಾಲಯ ದಾಟಿ ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ ಎಂದು ಮೊಬೈಲಿನಲ್ಲಿ ಹುಡುಕಿ ಹೇಳಿದೆ.

ವಾಪಸು ಬರುವಾಗ ಬಸ್ಸು ಬಿಳಿಚೋಡು ದಾಟಿದ ಮೇಲೆ ಅವರು ಕೇಳಿದರು.

‘ಅದರ ಮನೆ ನೋಡಬೇಕು ಮೇಷ್ಟ್ರೆ. ಕಣ್ಣು ಇದ್ದಾಗ್ಲೆ ನೋಡಬೇಕು. ಮುಂದಿಂದು ನಾನು ನೋಡ್ಕೊಂತೀನಿ, ಪಕ್ಕದ್ದು ನೀವು ನೋಡಿ ಹೇಳ್ರಿ. ಬರ್ತೀರೇನು?’

ಒಪ್ಪಿಕೊಂಡೆ. ಮನಸ್ಸು ತುಂಬಿ ಒಪ್ಪಿಕೊಂಡೆ ಎಂದು ಬರೆಯಲು ಆಸೆಯಿದೆ. ಆದರೆ ಬಸ್ಸು ದಾವಣಗೆರೆ ಮುಟ್ಟುವಷ್ಟರಲ್ಲಿ ನನ್ನ ತಲೆಯಲ್ಲಿ ಗೋಡೆ, ಫೋಟೊ, ಅದರ ಕೆಳಗೆ ನನ್ನ ಹೆಸರು ಎಲ್ಲ ಸಿದ್ಧವಾಗಿತ್ತು.

ಹೊನ್ನಾಳಿ, ಪೈಪಿನಂಗಡಿ

ದುರ್ಬೀನಿನ ಹಿಂದೆ ಕ್ಯಾಮೆರಾ ಕೂರಿಸಲು ತಿರುಪಿನ ಬಳೆಗಳು ಸಿಗುತ್ತವೆ. ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ನಾನು ತರಿಸಿದ್ದು ಅಳತೆ ತಪ್ಪಿ ಬಂತು. ಹೊರಡಲು ನಾಲ್ಕು ದಿನ ಉಳಿದಿತ್ತು. ದುರ್ಬೀನು, ಕ್ಯಾಮೆರಾ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೊನ್ನಾಳಿಯ ದಾದಾಪೀರ್ ಬಳಿಗೆ ಹೋದೆ. ನಮ್ಮ ಕಡೆಯ ಅರ್ಧ ತೋಟಗಳ ಪೈಪ್‌ಲೈನ್ ಮಾಡಿದವನು ಅವನು. ಅವನು ಹಾಕಿದ ಜೋಡಣೆಯಿಂದ ಒಂದು ಹನಿ ನೀರು ಸೋರಿದ್ದನ್ನು ಯಾರೂ ಕಂಡಿಲ್ಲ.

ಅವನು ಎರಡನ್ನೂ ತಿರುಗಿಸಿ ನೋಡಿ, ಒಂದು ತುಂಡು ಪಿವಿಸಿ ಪೈಪ್ ಕೊಯ್ದುಕೊಂಡ. ಮತ್ತೆ ಬಿಚ್ಚುವುದು ಇದೆಯೋ ಹೆಂಗೆ ಎಂದು ಒಂದು ಸಲ ಕೇಳಿದ. ನನಗೆ ಅಲ್ಲಾಡುವುದರ ಭಯ. ಇಷ್ಟು ದೊಡ್ಡದು ಮಾಡಿ ತೋರಿಸುವ ಗಾಜಿನ ಹಿಂದೆ ಕ್ಯಾಮೆರಾ ಕೂದಲೆಳೆಯಷ್ಟು ಜರುಗಿದರೂ ಚಿತ್ರ ಕಲಸಿಹೋಗುತ್ತದೆ. ಬಿಚ್ಚುವುದೇನೂ ಬೇಡ, ಅಲ್ಲಾಡದಿದ್ದರೆ ಸಾಕು ಎಂದೆ. ಅವನು ಪೈಪಿನ ಬಾಯಿಯನ್ನು ಗ್ಯಾಸಿನ ಉರಿಗೆ ಹಿಡಿದು ಮೆತ್ತಗೆ ಮಾಡಿ, ಒಂದು ಕಡೆ ದುರ್ಬೀನಿನ ಕಣ್ಣಿಗೆ, ಇನ್ನೊಂದು ಕಡೆ ಕ್ಯಾಮೆರಾದ ಮೂತಿಗೆ ತೊಡಿಸಿ, ಮೇಲೆ ಒದ್ದೆ ಗೋಣಿಚೀಲ ಸುತ್ತಿದ. ಪೈಪ್ ಆರಿ, ಕುಗ್ಗಿ, ಎರಡನ್ನೂ ಕಚ್ಚಿಕೊಂಡಿತು. ಕಾಲುವೆಯ ಮೋಟರಿಗೂ ಪೈಪಿಗೂ ನಾವು ಮಾಡುವುದು ಹೀಗೆಯೇ. ಬಿಚ್ಚಲು ಬರುವ ಜೋಡಣೆ ನಮ್ಮ ಹೊಲದಲ್ಲಿ ಒಂದು ರಾತ್ರಿಯೂ ಉಳಿಯುವುದಿಲ್ಲ, ಬೆಳಗ್ಗೆ ಪಕ್ಕದ ಹೊಲದಲ್ಲಿ ಇರುತ್ತದೆ.

‘ಇನ್ನು ಈ ಜನ್ಮಕ್ಕೆ ಬರಾದಿಲ್ಲ ಸಾರ್,’ ಅಂದ ದಾದಾಪೀರ್, ಹೆಮ್ಮೆಯಿಂದ.

ಚನ್ನಗಿರಿಗೆ ಒಯ್ದು ತೋರಿಸಿದೆ. ಮಹೇಶ್ವರಪ್ಪ ಒಂದು ಸಲ ತಿರುವಿ ನೋಡಿದರು, ಇನ್ನೊಂದು ಸಲ ತಿರುವಿದರು. ಆಮೇಲೆ ಮೇಜಿನ ಮೇಲೆ ನಿಧಾನಕ್ಕೆ ಇಟ್ಟು, ಕಣ್ಣು ಇಡುವುದು ಎಲ್ಲಿ ಎಂದು ಕೇಳಿದರು. ಕ್ಯಾಮೆರಾದ ಹಿಂದಿನ ಸ್ಕ್ರೀನು ತೋರಿಸಿ, ಇನ್ನು ಮೇಲೆ ಕಣ್ಣು ಕಿರಿದು ಮಾಡುವ ಕಷ್ಟವೇ ಇಲ್ಲ, ಟಿವಿ ನೋಡಿದಂತೆ ನೋಡಬಹುದು ಎಂದೆ. ಕೊಯ್ದು ಬಿಡಿಸಲು ಸಾಧ್ಯವೇ ಎಂದು ದಾದಾಪೀರ್‌ನನ್ನು ಕೇಳಬಹುದಿತ್ತು. ಕೇಳಲಿಲ್ಲ, ಯಾಕೆಂದರೆ ಹೀಗಿರುವುದೇ ನನಗೆ ಅನುಕೂಲವಾಗಿತ್ತು.

ವಿಮಾನ ನಿಲ್ದಾಣ

ಪೈಪಿನ ಮೇಲೆ ಇದು ಕೃಷಿ ಬಳಕೆಗೆ ಮಾತ್ರ ಎಂದು ಅಚ್ಚಾಗಿತ್ತು. ಭದ್ರತೆಯ ಅಧಿಕಾರಿ ಅದನ್ನು ಎರಡು ಸಲ ಓದಿದ. ಇದೇನು ಎಂದು ಕೇಳಿದಾಗ ನಾನು ಕ್ಯಾಮೆರಾ ಅಂದೆ, ಅದೇ ಕ್ಷಣಕ್ಕೆ ಮಹೇಶ್ವರಪ್ಪ ದುರ್ಬೀನು ಅಂದರು. ಯಾರದು ಎಂದು ಕೇಳಿದ. ಇಬ್ಬರೂ ನಂದು ಅಂದೆವು. ಅವನು ನಮ್ಮನ್ನು ಪಕ್ಕಕ್ಕೆ ನಿಲ್ಲಿಸಿ, ಹಿರಿಯರೊಬ್ಬರನ್ನು ಕರೆತಂದ. ಹಿರಿಯರ ಊರಲ್ಲಿ ತೋಟವಿತ್ತು ಎಂದು ಕಾಣುತ್ತದೆ. ಪೈಪ್ ಮುಟ್ಟಿ ನೋಡಿ, ಕಾಯಿಸಿ ತೊಡಿಸಿದ್ದಾ ಎಂದು ವಿಚಾರಿಸಿ, ಕೆಲಸ ಚೆನ್ನಾಗಿದೆ ಎಂದು ಬಿಟ್ಟುಕೊಟ್ಟರು.

ಅದನ್ನು ಕಂಕುಳಲ್ಲಿ ಅವುಚಿಕೊಂಡು ನಾನು ಮುಂದೆ ಮುಂದೆ ನಡೆದೆ. ತಾನಾಗಿ ಚಲಿಸುವ ಮೆಟ್ಟಿಲಿನ ಹತ್ತಿರ ಹಿಂದಿನಿಂದ ದಡ್ ಎಂದು ಸದ್ದು ಬಂತು. ಮಹೇಶ್ವರಪ್ಪ ಮೊಣಕಾಲೂರಿ ಬಿದ್ದಿದ್ದರು. ಕೆಳಗಿನ ಮೆಟ್ಟಿಲು ಅವರಿಗೆ ಕಂಡಿರಲಿಲ್ಲ. ಹೇಳಬೇಕಾದವನು ನಾನು. ಹೇಳುವ ಕೆಲಸಕ್ಕೆಂದೇ ನನ್ನನ್ನು ಕರೆದುಕೊಂಡು ಹೊರಟಿದ್ದರು. ಅವರು ಪಂಚೆಯ ದೂಳು ಕೊಡವಿಕೊಂಡು, ದುರ್ಬೀನಿಗೆ ಏನೂ ಆಗಿಲ್ಲವಲ್ಲ ಎಂದು ಮಾತ್ರ ಕೇಳಿದರು.

ಉಲಾನ್‌ಬಾತರ್

ರಾಜಧಾನಿಯಲ್ಲಿ ನಾವು ಹೆಸರು ಕೊಟ್ಟಿದ್ದ ಪಕ್ಷಿ ಪ್ರವಾಸದ ತಂಡ ಸೇರಿತು. ಬೆಂಗಳೂರಿನ ಐದು ಜನ, ಅವರಿಗೊಬ್ಬ ಲೀಡರ್. ಒಬ್ಬೊಬ್ಬರ ಲೆನ್ಸೂ ಒನಕೆಯಷ್ಟು. ಅವಕ್ಕೆ ಎಲೆ ಬಣ್ಣದ ಅಂಗಿ ತೊಡಿಸಿದ್ದರು, ತಾವೂ ಎಲೆ ಬಣ್ಣದ ಅಂಗಿ ತೊಟ್ಟಿದ್ದರು. ಮಂಗೋಲಿಯಾದ ಬಯಲಿನಲ್ಲಿ ಮೈಲಿಗಟ್ಟಲೆ ಒಂದು ಮರವಿಲ್ಲ. ಇವರು ಯಾವ ಎಲೆಗಳ ನಡುವೆ ಅಡಗಿಕೊಳ್ಳಲು ಹೊರಟಿದ್ದರೋ ಗೊತ್ತಾಗಲಿಲ್ಲ. ಹಕ್ಕಿ ಕಂಡರೆ ಮಗ್ಗದಂತೆ ಪಟಪಟ ಸದ್ದು ಮಾಡಿ ನೂರಿನ್ನೂರು ಚಿತ್ರ ತೆಗೆಯುವರು, ಸಂಜೆ ಕೂತು ಎಲ್ಲವನ್ನೂ ಅಳಿಸುವರು. ಹಕ್ಕಿ ಏನು ಮಾಡುತ್ತಿತ್ತು ಎಂದು ಮಹೇಶ್ವರಪ್ಪ ಕೇಳಿದರೆ, ಯಾರಿಗೂ ನೆನಪಿರುತ್ತಿರಲಿಲ್ಲ.

ನನ್ನ ಪೈಪನ್ನು ನೋಡಿ ಲೀಡರ್ ತುಂಬ ಸಭ್ಯವಾಗಿ ನಕ್ಕ. ನಮ್ಮ ಜನರ ಜಾಣ್ಮೆಯೇ ಜಾಣ್ಮೆ ಎಂದು ಇಂಗ್ಲಿಷಿನಲ್ಲಿ ಹೊಗಳಿ, ಪೈಪಿನದೊಂದು ಫೋಟೊ ತೆಗೆದುಕೊಂಡ. ಇಡೀ ಪ್ರವಾಸದಲ್ಲಿ ಅವನು ಮನಸ್ಸಿಟ್ಟು ತೆಗೆದ ಚಿತ್ರ ಅದೊಂದೇ. ಮೈ ಉರಿಯಿತು. ಕೊರಳಪಟ್ಟಿಯ ಅಕ್ಷರ ಮೊದಲು ಓದುವವನು ನಾನೇ ಎಂದು ಅಲ್ಲೇ ಹಟ ತೊಟ್ಟೆ.

ದಾರಿಯಲ್ಲಿ, ಒಂದು ಡೇರೆ

ಬಿಳಿ ಸರೋವರ ಎಂಬ ಹೆಸರಿನ ದೊಡ್ಡ ಕೆರೆಗೆ ಜೀಪಿನಲ್ಲಿ ಎರಡು ದಿನದ ದಾರಿ. ಡಾಂಬರು ಮುಗಿದ ಮೇಲೆ ರಸ್ತೆ ಎಂಬುದೇ ಇಲ್ಲ. ಚಾಲಕ ತನಗೆ ಖುಷಿ ಕಂಡ ಕಡೆ ಓಡಿಸುತ್ತಾನೆ. ನಮ್ಮ ತಾಲ್ಲೂಕಿನಲ್ಲೂ ಹಾಗೆಯೇ, ಆದರೆ ನಾವು ಅದಕ್ಕೆ ರಸ್ತೆ ಎಂದು ಬೋರ್ಡು ಹಾಕಿರುತ್ತೇವೆ. ನಮ್ಮ ಜೀಪಿನ ಚಾಲಕನೂ ಮಾರ್ಗದರ್ಶಿಯೂ ಒಬ್ಬನೇ, ಬತಾ ಎಂದು ಹೆಸರು. ನಮ್ಮಷ್ಟೇ ಇಂಗ್ಲಿಷ್ ಬರುತ್ತಿತ್ತು, ಹಾಗಾಗಿ ಚೆನ್ನಾಗಿ ಅರ್ಥವಾಗುತ್ತಿತ್ತು. ದಾರಿಯ ದಿಬ್ಬಗಳ ಮೇಲೆ ಕಲ್ಲು ಪೇರಿಸಿ ನೀಲಿ ಬಟ್ಟೆ ಕಟ್ಟಿರುತ್ತಾರೆ. ಬತಾ ಇಳಿದು ಮೂರು ಸುತ್ತು ಬರುವನು. ಮಹೇಶ್ವರಪ್ಪನವರೂ ಚಪ್ಪಲಿ ಬಿಟ್ಟು ಅವನ ಹಿಂದೆ ಸುತ್ತುವರು. ಯಾವ ದೇವರು ಎಂದು ಕೇಳಲೇ ಇಲ್ಲ.

ಊಟ ಎಲ್ಲ ಕಡೆ ಕುರಿ ಮಾಂಸವೇ. ನಾವಿಬ್ಬರೂ ಮನೆಯಿಂದ ತಂದಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಮಂಡಕ್ಕಿಯ ಮೇಲೆ ಬದುಕಿದೆವು. ಮಂಡಕ್ಕಿಯನ್ನು ಬತಾ ಬೊಗಸೆಯಲ್ಲಿ ಹಿಡಿದು, ಇದರ ಒಳಗಿನದು ಎಲ್ಲಿ ಹೋಯಿತು ಎಂದು ಕೇಳಿದ.

ಎರಡನೆಯ ದಿನ ಒಬ್ಬ ಮುದುಕಿಯ ಡೇರೆಗೆ ಕರೆದೊಯ್ದ. ಉಣ್ಣೆಯ ದುಂಡನೆಯ ಮನೆ, ಸೊಂಟದೆತ್ತರದ ಬಾಗಿಲು. ಅಲ್ಲಿ ಬಾಗಿಲು ತಟ್ಟುವ ಪದ್ಧತಿಯಿಲ್ಲ. ದೂರದಿಂದಲೇ ನಾಯಿ ಹಿಡಿಯಿರಿ ಎಂದು ಕೂಗಬೇಕು, ನಾಯಿ ಇರಲಿ ಬಿಡಲಿ. ಬಾಗಿಲಲ್ಲಿ ಹೊಸ್ತಿಲು ತುಳಿಯಬಾರದು ಎಂದು ಬತಾ ಎಚ್ಚರಿಸಿದ. ಇದನ್ನು ನಮಗೆ ಹೇಳಬೇಕೆ ಎಂದು ನಕ್ಕೆ. ನಾನು ಕಂಕುಳ ಗಂಟನ್ನು ಬಾಗಿಲಿಗೆ ತಾಗಿಸದೆ ಒಳಗೆ ಸಾಗಿಸುವುದರಲ್ಲೇ ಮುಳುಗಿದ್ದೆ. ಹಿಂದೆ ಬಂದ ಮಹೇಶ್ವರಪ್ಪನವರ ಹಣೆ ಮೇಲಿನ ಪಟ್ಟಿಗೆ ಬಡಿಯಿತು, ಕಾಲು ಹೊಸ್ತಿಲ ಮೇಲೆಯೇ ಬಿತ್ತು. ಮುದುಕಿಯ ಮುಖ ಸಣ್ಣದಾಯಿತು.

ದಿನಾ ಬೆಳಗ್ಗೆ ಅಂಗಡಿಯ ಹೊಸ್ತಿಲಿಗೆ ವಿಭೂತಿ ಹಚ್ಚದೆ ಒಳಗೆ ಕಾಲಿಡದ ಮನುಷ್ಯ ಅವರು. ಹಣೆ ಊದಿದ್ದು ಅವರಿಗೆ ತಿಳಿಯಲೇ ಇಲ್ಲ. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಮುದುಕಿಗೆ ಭಾಷೆ ತಿಳಿಯದಿದ್ದರೂ ಇದು ತಿಳಿಯಿತು. ಎದ್ದು ಬಂದು ಅವರ ತೋಳು ಹಿಡಿದು ಒಳಗೆ ಕೂರಿಸಿದಳು, ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟಳು. ಅಲ್ಲಿ ಅತಿಥಿಗೆ ನಶ್ಯದ ಕುಪ್ಪಿ ಕೊಡುವುದು ಮರ್ಯಾದೆ. ಅವಳು ಕುಪ್ಪಿ ಚಾಚಿದಾಗ ಇವರು ಜೇಬಿನಿಂದ ಎಲೆಯಡಿಕೆ ಸಂಚಿ ತೆಗೆದು ಒಂದು ಹೋಳು ಅಡಿಕೆ ಕೊಟ್ಟರು. ಅವಳು ಅಗಿದಳು, ಕಣ್ಣು ಅಗಲವಾದವು, ಮರ್ಯಾದೆಗೆಂದು ನುಂಗಿಯೂಬಿಟ್ಟಳು. ಇಬ್ಬರೂ ತುಂಬ ಹೊತ್ತು ನಕ್ಕರು. ನಾನು ಒಂದು ಮೂಲೆಯಲ್ಲಿ ಕೂತು ಲೆನ್ಸಿನ ದೂಳು ಒರೆಸುತ್ತಿದ್ದೆ.

ಬಿಳಿ ಸರೋವರ, ಮೊದಲ ದಿನ

ಹೆಬ್ಬಾತುಗಳು ಇದ್ದವು. ಜಗಳೂರಿನಲ್ಲಿ ಇಪ್ಪತ್ತು ಕಂಡಿದ್ದರೆ ಇಲ್ಲಿ ದಡದುದ್ದಕ್ಕೂ ಇದ್ದವು, ಹಿಂದೆ ಮುಂದೆ ಮರಿಗಳು. ಈ ಕಾಲದಲ್ಲಿ ದೊಡ್ಡವು ರೆಕ್ಕೆಯ ಗರಿ ಉದುರಿಸಿಕೊಂಡು ಹಾರಲಾರದೆ ಇರುತ್ತವೆ, ಹೆದರಿಸಿದರೆ ಈಜಿ ದೂರ ಹೋಗುತ್ತವೆ, ಹತ್ತಿರ ಹೋಗಬೇಡಿ ಎಂದು ಬತಾ ಬೇಡಿಕೊಂಡ. ಲೀಡರ್‌ನ ತಂಡ ಎಲೆಯಂಗಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತಾ ಹತ್ತಿರ ಹೋಯಿತು. ಎಲ್ಲ ಬಾತುಗಳೂ ಈಜಿ ಕೆರೆಯ ನಡುವೆ ಸೇರಿದವು. ತೆವಳಿದವರು ಸಗಣಿ ಒರೆಸಿಕೊಂಡು ಬಂದರು.

ದೂರ ಹೋದದ್ದು ನನಗೆ ಒಳ್ಳೆಯದೇ ಆಯಿತು, ದೂರಕ್ಕೆಂದೇ ನನ್ನ ಯಂತ್ರ ಇರುವುದು. ಮುಕ್ಕಾಲಿ ನಿಲ್ಲಿಸಿದೆ. ಗಾಳಿಗೆ ನಡುಗದಿರಲೆಂದು ಅದರ ನಡುವೆ ಕಲ್ಲಿನ ಚೀಲ ಕಟ್ಟಿದೆ. ಬಿಸಿಲಿಗೆ ಸ್ಕ್ರೀನು ಕಾಣದೆ ತಲೆಯ ಮೇಲೆ ಟವಲ್ ಹೊದ್ದೆ. ಚಿತ್ರ ಕಪ್ಪು ತಟ್ಟೆಯ ನಡುವೆ ದೋಸೆಯಂತೆ ದುಂಡಗೆ ಬರುತ್ತಿತ್ತು, ಜೂಮ್ ಒತ್ತಿ ಕಪ್ಪನ್ನು ಹೊರಗಟ್ಟಿದೆ. ಬೆರಳು ಒತ್ತಿದರೂ ಅಲ್ಲಾಡುತ್ತದೆಂದು, ಒತ್ತಿದ ಎರಡು ಸೆಕೆಂಡಿನ ಮೇಲೆ ತಾನೇ ತೆಗೆಯುವಂತೆ ಮಾಡಿದೆ. ಬಾತು ಆ ಎರಡು ಸೆಕೆಂಡಿಗೇ ಕಾಯುತ್ತಿತ್ತೋ ಏನೋ. ಒತ್ತುವಾಗ ನನ್ನ ಕಡೆ ನೋಡುವುದು, ಚಿತ್ರ ತೆಗೆಯುವಾಗ ಕತ್ತು ನೀರಿಗೆ ಅದ್ದುವುದು. ಸಂಜೆಯವರೆಗೆ ಬಾತಿನ ಬೆನ್ನಿನ ಚಿತ್ರಗಳೇ ಎಂಬತ್ತು ಸೇರಿದವು.

ಮಹೇಶ್ವರಪ್ಪ ನನ್ನ ಭುಜದ ಮೇಲೆ ಕೈಯಿಟ್ಟು ಹಿಂದೆ ನಿಂತಿದ್ದರು. ಕಾಣುತ್ತಿದೆಯೇ ಎಂದು ಆಗಾಗ ಕೇಳುವರು. ತಡೀರಿ ಅಣ್ಣ, ಒಂದು ನಿಮಿಷ ಎಂದು ನಾನು ಅನ್ನುವೆ. ಆ ಒಂದು ನಿಮಿಷ ಸೂರ್ಯ ಮುಳುಗುವವರೆಗೆ ಎಳೆಯಿತು.

ಬಿಳಿ ಸರೋವರ, ಕೊನೆಯ ದಿನ

ಮಾರನೆಯ ದಿನ ಮಧ್ಯಾಹ್ನ ಪಟ್ಟಿಯ ಬಾತು ಸಿಕ್ಕಿತು. ಹಸಿರು ಪಟ್ಟಿ, ಬಿಳಿ ಅಕ್ಷರ, ಪಕ್ಕದಲ್ಲಿ ಜೋಡಿ, ಮರಿಗಳು. ಒತ್ತಿದೆ, ಮತ್ತೆ ಒತ್ತಿದೆ. ಬಿಸಿಲಿಗೆ ನೀರಿನ ಮೇಲಿನ ಗಾಳಿ ಕುದಿಯುತ್ತಿತ್ತು, ಅಕ್ಷರ ಹುಳದಂತೆ ಹರಿದಾಡುತ್ತಿತ್ತು. ಹಿಂದಿನಿಂದ ಮಹೇಶ್ವರಪ್ಪ ಮೂರು ಸಲ ಕೇಳಿದ ಮೇಲೆ ಟವಲ್ಲನ್ನು ಅವರ ತಲೆಗೆ ಹೊದಿಸಿ ಸ್ಕ್ರೀನಿನ ಮುಂದೆ ನಿಲ್ಲಿಸಿದೆ. ತುಂಬ ಹೊತ್ತು ಬಗ್ಗಿ ನಿಂತಿದ್ದರು. ಮುಖ ಹತ್ತಿರ ತಂದರು, ದೂರ ಒಯ್ದರು. ಬೆಳಕು ಕಾಣುತ್ತದೆ, ಬಾತು ಕಾಣುವುದಿಲ್ಲ ಎಂದರು.

ನನಗೆ ಅವಸರ. ಫೋಟೊ ಒಂದು ಸರಿಯಾಗಿ ಬಂದುಬಿಡಲಿ, ಮನೆಗೆ ಹೋಗಿ ಟಿವಿಗೆ ಹಾಕಿ ದೊಡ್ಡದಾಗಿ ತೋರಿಸುತ್ತೇನೆ ಎಂದು ಅವರನ್ನು ಪಕ್ಕಕ್ಕೆ ಸರಿಸಿದೆ.

‘ಟಿವಿಯಾಗೆ ನೋಡಾಕೆ ಚನ್ನಗಿರೀನೇ ಸಾಕಾಗಿತ್ತಲ್ರೀ,’ ಅಂದರು.

ದನಿ ಏರಲಿಲ್ಲ. ಭುಜದಿಂದ ಕೈ ತೆಗೆದು ನಾವು ಇಳಿದುಕೊಂಡಿದ್ದ ಡೇರೆಯ ಕಡೆ ಒಬ್ಬರೇ ನಡೆದರು. ನಾನು ಮತ್ತೆ ಟವಲ್ ಹೊದ್ದೆ. ಇನ್ನೂ ಹದಿನೈದು ಚಿತ್ರ ತೆಗೆದೆ.

ಬತಾ ಕೂಗಿದಾಗಲೇ ಟವಲ್ಲಿನಿಂದ ಹೊರಗೆ ಬಂದದ್ದು. ಅಲ್ಲಿಯ ಬಯಲಿನಲ್ಲಿ ಹೆಗ್ಗಣದಂಥ ಒಂದು ದಪ್ಪ ಪ್ರಾಣಿ ಬಿಲ ತೋಡುತ್ತದೆ. ಮಹೇಶ್ವರಪ್ಪನವರ ಕಾಲು ಅಂಥದೊಂದು ಬಿಲದಲ್ಲಿ ಮೊಣಕಾಲವರೆಗೆ ಇಳಿದಿತ್ತು. ಬತಾ ಎತ್ತಿ ಕೂರಿಸಿದ್ದ. ಕಾಲು ತರಚಿತ್ತು, ಮುರಿದಿರಲಿಲ್ಲ. ನಾನು ಓಡಿ ಹೋಗುವಷ್ಟರಲ್ಲಿ ಅವರು ಹುಲ್ಲಿನ ಮೇಲೆ ಕೂತು ಮಧ್ಯಾಹ್ನದ ಹನಿ ಹಾಕಿಕೊಳ್ಳುತ್ತಿದ್ದರು. ಮೊದಲ ಹನಿ ಕೆನ್ನೆಗೆ ಬಿತ್ತು, ಎರಡನೆಯದು ಮೀಸೆಗೆ. ಮೂರನೆಯದನ್ನು ನಾನು ಹಾಕಿದೆ. ನಾಳೆ ಎಷ್ಟು ಹೊತ್ತಿಗೆ ಹೊರಡುವುದು ಎಂದು ಕೇಳಿದರು. ಬೆಳಗ್ಗೆ ಎಂದೆ. ಹಂಗಾರೆ ಆಯಿತು ಎಂದು ಬಾಟಲಿಯ ಮುಚ್ಚಳ ತಿರುವಿದರು. ಆರು ದಿನದಲ್ಲಿ ಈ ಮನುಷ್ಯ ಎಲ್ಲೆಲ್ಲಿ ಎಡವಿದ್ದರೋ ಅಲ್ಲೆಲ್ಲ ನಾನು ನಾಲ್ಕು ಹೆಜ್ಜೆ ಮುಂದೆ ಇದ್ದೆ, ಅವರದೇ ದುರ್ಬೀನು ಹೊತ್ತುಕೊಂಡು. ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಎದ್ದು ಬತಾನ ಬಳಿಗೆ ಹೋಗಿ ಗರಗಸ ಇದೆಯೇ ಎಂದು ಕೇಳಿದೆ. ಜೀಪಿನ ಕೆಳಗಿನಿಂದ ಒಂದು ಕಬ್ಬಿಣ ಕೊಯ್ಯುವ ಗರಗಸ ತೆಗೆದ. ಪೈಪನ್ನು ತಿರುಗಿಸಿ, ಬೆರಳಿನಿಂದ ತಟ್ಟಿ ನೋಡಿ, ಎರಡೂ ಉಳಿಯುವುದು ಕಷ್ಟ, ಯಾವುದನ್ನು ಉಳಿಸಲಿ ಎಂದು ಕೇಳಿದ. ಅಷ್ಟರಲ್ಲಿ ಲೀಡರ್ ಬಂದು ವಿಷಯ ತಿಳಿದುಕೊಂಡ. ತಲೆ ಕೆಟ್ಟಿದೆಯೇ, ಸಂಜೆಯ ಬೆಳಕಿಗೆ ಗಾಳಿ ತಣ್ಣಗಾಗುತ್ತದೆ, ಪಟ್ಟಿಯ ಅಕ್ಷರ ಕೆತ್ತಿದಂತೆ ಬರುತ್ತದೆ, ಇನ್ನು ಮೂರು ಗಂಟೆ ಕಾಯಿರಿ ಎಂದ. ಅವನು ಹೇಳಿದ್ದು ಸರಿಯಾಗಿತ್ತು. ಆ ಬೆಳಕು ನನಗೂ ಗೊತ್ತಿತ್ತು. ತಕ್ಷಣ ಉತ್ತರ ಹೇಳಿದೆ ಎಂದು ನೀವು ತಿಳಿಯುವುದು ಬೇಡ. ಗೋಡೆ, ಮೊಳೆ, ಹೋಟೆಲಿನ ಜನ ಎಲ್ಲರೂ ಒಂದು ಸುತ್ತು ಕಣ್ಣ ಮುಂದೆ ಬಂದು ಹೋದರು. ಆಮೇಲೆ ದುರ್ಬೀನು ಉಳಿಸು ಎಂದೆ.

ದಾದಾಪೀರ್‌ನ ಕೆಲಸ ಸುಲಭಕ್ಕೆ ಸೋಲಲಿಲ್ಲ. ಬತಾ ಕ್ಯಾಮೆರಾದ ಕಡೆಯಿಂದ ಉದ್ದುದ್ದಕ್ಕೆ ಕೊಯ್ಯುತ್ತಾ ಬಂದ. ಸೀಳಿಗೆ ಚಾಕುವಿನ ಮೊನೆ ತೂರಿಸಿ ಒಮ್ಮೆ ತಿರುವಿದ. ಟಕ್ ಎಂದಿತು. ಕ್ಯಾಮೆರಾದ ಮೂತಿ ಮುರಿದು ಒಳಗಿನ ಗಾಜು ಅವನ ಅಂಗೈಗೆ ಬಂತು. ಇನ್ನೊಂದು ಕಡೆಯನ್ನು ಅವನು ಮೊಟ್ಟೆಯ ಸಿಪ್ಪೆ ಬಿಡಿಸಿದಂತೆ ಚೂರು ಚೂರಾಗಿ ಬಿಡಿಸಿದ. ದುರ್ಬೀನಿನ ರಬ್ಬರು ಹರಿಯಿತು, ಗಾಜಿಗೆ ಏನೂ ಆಗಲಿಲ್ಲ. ಲೀಡರ್ ತನ್ನ ತಂಡದ ಕಡೆ ತಿರುಗಿ ಏನೋ ಹೇಳಿದ, ಅವರೆಲ್ಲ ನಕ್ಕರು. ಊರಿಗೆ ಹೋಗಿ ಹೇಳಲು ಅವರಿಗೂ ಒಂದು ಹುಚ್ಚರ ಕಥೆ ಬೇಕಲ್ಲ.

ಅಲ್ಲಿ ಬೇಸಿಗೆಯಲ್ಲಿ ಹೊತ್ತು ಬೇಗ ಮುಳುಗುವುದಿಲ್ಲ. ಊಟದ ಹೊತ್ತು ಮೀರಿದರೂ ಬಿಸಿಲು ಇತ್ತು, ಗಾಳಿ ನಿಂತಿತ್ತು. ಬಾತುಗಳು ಒಂದೊಂದೇ ಸಂಸಾರವಾಗಿ ದಡಕ್ಕೆ ಮರಳಿದವು. ನಾನು ಮಹೇಶ್ವರಪ್ಪನವರ ಕೈ ಹಿಡಿದು ಕರೆದುಕೊಂಡು ಹೋದೆ. ಇಲ್ಲಿ ತಗ್ಗು, ಇಲ್ಲಿ ಕಲ್ಲು ಎಂದು ಹೇಳುತ್ತಾ ನಡೆದೆ. ಬತಾ ಬರಿಗಣ್ಣಿಗೇ ಪಟ್ಟಿಯ ಬಾತನ್ನು ಗುರುತಿಸಿ, ದುರ್ಬೀನು ಅದರತ್ತ ತಿರುಗಿಸಿ, ಇವರನ್ನು ಮುಂದೆ ಕೂರಿಸಿದ. ಅವರು ಕಣ್ಣು ಇಟ್ಟರು.

‘ಐತೆ,’ ಅಂದರು.

ಅವರ ತುಟಿ ಮಾತ್ರ ಆಗಾಗ ಅಲ್ಲಾಡುತ್ತಿತ್ತು, ಏನನ್ನೋ ಎಣಿಸುವವರ ಹಾಗೆ. ಲೀಡರ್ ಹಿಂದಿನಿಂದ ಬಂದು ಪಟ್ಟಿಯ ನಂಬರ್ ಎಷ್ಟು ಎಂದು ಕೇಳಿದ. ಮರಿ ಐದು ಐದಾವೆ ಎಂದರು ಮಹೇಶ್ವರಪ್ಪ. ಅವನು ಬಿಡದೆ, ಪಟ್ಟಿಯ ಮೇಲಿನ ಅಕ್ಷರ ಯಾವುದು ಎಂದು ನಿಧಾನವಾಗಿ ಬಿಡಿಸಿ ಕೇಳಿದ. ಕೊನೇದು ಒಂಚೂರು ಸೋಮಾರಿ, ಹಿಂದೆ ಬೀಳುತ್ತದೆ, ತಾಯಿ ನಿಂತು ನಿಂತು ಕರೆದುಕೊಂಡು ಹೋಗುತ್ತಿದೆ ಎಂದು ಇವರು ಉತ್ತರ ಕೊಟ್ಟರು. ಅವನು ತನ್ನ ಒನಕೆ ಹೊತ್ತುಕೊಂಡು ಹೋದ.

ಬೆಳಕು ಕೆಂಪಗಾಗತೊಡಗಿತು. ನನಗೆ ತಡೆಯಲಾಗಲಿಲ್ಲ. ಇಷ್ಟು ದೂರ ಬಂದು, ಕ್ಯಾಮೆರಾವನ್ನೂ ಕಳೆದುಕೊಂಡು, ಆ ಬಾತನ್ನು ಗಾಜಿನ ಮೂಲಕ ನಾನು ಒಂದು ಸಲವೂ ಕಣ್ಣಿಟ್ಟು ನೋಡಿರಲಿಲ್ಲ. ಅಣ್ಣ, ನನಗೂ ಒಂಚೂರು ತೋರಿಸಿ ಎಂದು ದುರ್ಬೀನಿನ ಮೇಲೆ ಕೈಯಿಟ್ಟೆ. ಅವರು ಕಣ್ಣು ತೆಗೆಯಲಿಲ್ಲ.

‘ನಿಮಗೆ ಮುಂದಿನ ವರ್ಷ ಐತಲ್ರೀ ಮೇಷ್ಟ್ರೆ.’

ಸಿಟ್ಟಿನಿಂದ ಹೇಳಿದ್ದಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಾನು ಕೈ ತೆಗೆದು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಸ್ವಲ್ಪ ಹೊತ್ತಿನ ಮೇಲೆ, ಕಣ್ಣು ಅಲ್ಲೇ ಇಟ್ಟುಕೊಂಡು, ಎಡಕ್ಕೆ ಏನಿದೆ ಎಂದು ಕೇಳಿದರು.

ತಲೆಯೆತ್ತಿ ನೋಡಿದೆ. ಕುದುರೆಗಳು ನೀರಿಗೆ ಇಳಿಯುತ್ತಿದ್ದವು. ಹೇಳಿದೆ. ಎಷ್ಟು ಎಂದು ಕೇಳಿದರು. ಎಣಿಸಿ, ಹನ್ನೊಂದು ಎಂದೆ.